ತಾಮ್ರವೋ ಅಲ್ಯುಮಿನಿಯಮೋ? ಮೊದಲು ಮುಚ್ಚಳದ ಸಂದು ನೋಡಿ

ಓದುಗರ ಪ್ರಶ್ನೆ: ನಾನು ಕಾಸರಗೋಡಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೇನೆ. ಸೇನೆಯ ರೇಡಿಯೊ, ರೇಡಾರ್, ವಿಮಾನದ ಕಂಪ್ಯೂಟರ್‌ಗಳನ್ನು ವಿದ್ಯುತ್ಕಾಂತೀಯ ಅಡಚಣೆಯಿಂದ ಕಾಪಾಡಲು ಲೋಹದ ಕವಚ ಹಾಕುತ್ತಾರೆ ಎಂದು ಪಾಠದಲ್ಲಿ ಬಂತು. ತಾಮ್ರ ವಿದ್ಯುತ್ತನ್ನು ಅಷ್ಟು ಚೆನ್ನಾಗಿ ಹರಿಸುತ್ತದೆಯಲ್ಲ, ಎಲ್ಲ ಪೆಟ್ಟಿಗೆಗಳನ್ನೂ ತಾಮ್ರದಲ್ಲೇ ಏಕೆ ಮಾಡುವುದಿಲ್ಲ? ಯಾವ ಲೋಹ ಎಲ್ಲಕ್ಕಿಂತ ಒಳ್ಳೆಯದು?

ಉತ್ತರ: ಕಾಸರಗೋಡಿನ ಸೀತಾಂಗೋಳಿಯಲ್ಲಿ 2012ರಲ್ಲಿ ವಿಮಾನ ತಯಾರಿಸುವ ಎಚ್‌ಎಎಲ್‌ನ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ನಮ್ಮ ಕಡೆಯ ಮಕ್ಕಳಿಗೆ ಇದು ದೂರದೂರಿನ ವಿಷಯವಾಗಿ ಉಳಿದಿಲ್ಲ. ಪ್ರಶ್ನೆ ಬಂದದ್ದು ನನಗೆ ನಿಜವಾಗಿಯೂ ಸಂತೋಷ ತಂದಿದೆ. ಆದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕು ಎಂದು ಮೊದಲೇ ಹೇಳಿಬಿಡುತ್ತೇನೆ. ಯಾವ ಲೋಹ ಎನ್ನುವುದಕ್ಕಿಂತ, ಎರಡು ಲೋಹದ ತುಂಡುಗಳು ಸೇರುವಲ್ಲಿ ಏನಿದೆ ಎನ್ನುವುದೇ ಇಲ್ಲಿ ದೊಡ್ಡ ಸಂಗತಿ.

ಲೋಹದ ಲೆಕ್ಕವನ್ನು ಮೊದಲು ಮುಗಿಸೋಣ. ರೇಡಿಯೊ ಅಲೆ ಲೋಹಕ್ಕೆ ಬಡಿದಾಗ ಹೆಚ್ಚಿನ ಭಾಗ ಮೇಲ್ಮೈಯಲ್ಲೇ ಹಿಂದಿರುಗುತ್ತದೆ. ಒಳನುಗ್ಗಿದ್ದು ಆಳಕ್ಕೆ ಹೋದಂತೆ ಕರಗುತ್ತದೆ. ಹೀಗೆ ಕರಗುವ ಆಳದ ಅಳತೆಯೇ ಸ್ಕಿನ್ ಡೆಪ್ತ್. 1 ಮೆಗಾಹರ್ಟ್ಸ್‌ನಲ್ಲಿ ಅದು ತಾಮ್ರಕ್ಕೆ ಸುಮಾರು 66 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು), ಶುದ್ಧ ಅಲ್ಯುಮಿನಿಯಮ್‌ಗೆ ಸುಮಾರು 82 ಮೈಕ್ರಾನ್. ಒಂದೊಂದು ಸ್ಕಿನ್ ಡೆಪ್ತ್ ದಾಟಿದಾಗಲೂ ಅಲೆ 8.7 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ಹಾಗಾಗಿ ಬರೀ 1 ಮಿ.ಮೀ. ದಪ್ಪದ ಅಲ್ಯುಮಿನಿಯಂ ತಗಡು, ಹಿಂದಿರುಗಿದ ಭಾಗವನ್ನು ಬಿಟ್ಟೂ, 100 ಡೆಸಿಬೆಲ್ ದಾಟುತ್ತದೆ. 100 ಡೆಸಿಬೆಲ್ ಎಂದರೆ ಕ್ಷೇತ್ರದ ಬಲ ಒಂದು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯುವುದು. ತಾಮ್ರ ಹಾಕಿದರೆ 130 ಆಗಬಹುದು, ಆದರೆ ಆ ಹೆಚ್ಚಿನ 30ರಿಂದ ಪೆಟ್ಟಿಗೆಗೆ ಏನೂ ಲಾಭವಿಲ್ಲ. ತೂಕ ಮಾತ್ರ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ವಿಮಾನಕ್ಕೆ ಏರಿಸುವ ಪೆಟ್ಟಿಗೆಯಲ್ಲಿ ಗ್ರಾಂ ಗ್ರಾಂ ಲೆಕ್ಕ ಹಾಕುತ್ತಾರೆ. ಅಲ್ಯುಮಿನಿಯಂ ಗೆದ್ದದ್ದು ಹೀಗೆ.

ಇದಕ್ಕೆ ಅಪವಾದ ಒಂದೇ: ಕಡಿಮೆ ಆವರ್ತನದ ಕಾಂತಕ್ಷೇತ್ರ. ಟ್ರಾನ್ಸ್‌ಫಾರ್ಮರ್, ಮೋಟಾರು, ವಿದ್ಯುತ್ ಪೂರೈಕೆಯ ಸುರುಳಿಗಳಿಂದ ಬರುವಂಥದ್ದು. 50 ಹರ್ಟ್ಸ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ 9 ಮಿ.ಮೀ.ಗಿಂತ ಹೆಚ್ಚು. ಅದಕ್ಕೆ ತೆಳು ತಗಡು ಅಡ್ಡ ಹಿಡಿಯುವುದು ಬೀಸುವ ಗಾಳಿಗೆ ಸೊಳ್ಳೆಪರದೆ ಅಡ್ಡ ಹಿಡಿದ ಹಾಗೆ. ಅಲ್ಲಿ ಬೇಕಾದದ್ದು ಕಾಂತರೇಖೆಗಳನ್ನು ತನ್ನೊಳಗೆ ಎಳೆದುಕೊಂಡು ಪಕ್ಕಕ್ಕೆ ಸಾಗಿಸುವ ವಸ್ತು: ಉಕ್ಕು, ಇಲ್ಲವೇ ಸುಮಾರು ಐದರಲ್ಲಿ ನಾಲ್ಕು ಭಾಗದಷ್ಟು ನಿಕ್ಕಲ್ ಇರುವ ಮ್ಯೂ-ಮೆಟಲ್. ಮ್ಯೂ-ಮೆಟಲ್ ಬಹಳ ನಾಜೂಕು. ಬಾಗಿಸಿದರೆ, ಕೈತಪ್ಪಿ ಬೀಳಿಸಿದರೆ ಆ ಗುಣ ಕುಸಿಯುತ್ತದೆ. ಆಮೇಲೆ ಹೈಡ್ರೋಜನ್ ಕುಲುಮೆಯಲ್ಲಿ ಕಾಯಿಸಿಯೇ ಮರಳಿ ಪಡೆಯಬೇಕು. ಕ್ಷೇತ್ರ ಬಲವಾಗಿದ್ದರೆ ಅದು ಬೇಗ ತುಂಬಿಹೋಗುತ್ತದೆ. ಅದಕ್ಕೇ ಹೊರಗೆ ಉಕ್ಕು, ಒಳಗೆ ಮ್ಯೂ-ಮೆಟಲ್ ಎಂದು ಎರಡು ಪದರ ಕೊಡುವುದುಂಟು.

ಈಗ ಸಂದಿನ ಮಾತು. ಹಂಚಿನ ಮನೆಯಲ್ಲಿ ಆಷಾಢದ ಮಳೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು ಹಂಚನ್ನು ತೂರಿ ಬರುವುದಿಲ್ಲ, ಹಂಚು ಹಂಚು ಸೇರುವಲ್ಲಿ ಸೋರುತ್ತದೆ. ಅಲೆಯೂ ಹಾಗೆಯೇ. ಅಲ್ಲಿ ಸಂದಿನ ಅಗಲಕ್ಕಿಂತ ಉದ್ದವೇ ಮುಖ್ಯ ಎಂಬುದು ಹೊಸಬರಿಗೆ ಅಚ್ಚರಿ ತರುತ್ತದೆ. ಕೂದಲೆಳೆಯಷ್ಟು ತೆಳುವಾದ ಸೀಳು ಕೂಡ ಅಲೆಯ ಅರ್ಧ ಉದ್ದಕ್ಕೆ ಸಮನಾದರೆ ಆಂಟೆನಾದಂತೆಯೇ ವರ್ತಿಸುತ್ತದೆ. 1 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 30 ಸೆಂ.ಮೀ. ಅಂದರೆ ಮುಚ್ಚಳದ ಎರಡು ಸ್ಕ್ರೂಗಳ ನಡುವೆ 15 ಸೆಂ.ಮೀ. ಅಂತರವಿದ್ದು ನಡುವೆ ಲೋಹ ಮುಟ್ಟದಿದ್ದರೆ, 100 ಡೆಸಿಬೆಲ್‌ನ ಗೋಡೆ ಕಟ್ಟಿಯೂ ಬಾಗಿಲು ತೆರೆದಿಟ್ಟಂತೆ. ಆ ಸೀಳಿನಿಂದ 20 ಡೆಸಿಬೆಲ್ ರಕ್ಷಣೆ ಸಿಗಬೇಕಾದರೂ ಉದ್ದ 1.5 ಸೆಂ.ಮೀ.ಗೆ ಇಳಿಯಬೇಕು. 10 ಗಿಗಾಹರ್ಟ್ಸ್‌ನಲ್ಲಿ ಅದೇ 1.5 ಮಿ.ಮೀ. ಸೇನಾ ಉಪಕರಣಗಳಿಗೆ ಅನ್ವಯಿಸುವ ಮಿಲ್-ಎಸ್‌ಟಿಡಿ-461 ಮಾನದಂಡದ ವಿಕಿರಣ ಪರೀಕ್ಷೆ 18 ಗಿಗಾಹರ್ಟ್ಸ್‌ವರೆಗೂ ಹೋಗುತ್ತದೆ. ಅಷ್ಟು ಹತ್ತಿರ ಹತ್ತಿರ ಸ್ಕ್ರೂ ಹಾಕಲು ಯಾರಿಂದಲೂ ಆಗದು.

ಅದಕ್ಕೇ ಗ್ಯಾಸ್ಕೆಟ್. ಕುಕ್ಕರಿನ ಮುಚ್ಚಳದಲ್ಲಿ ಇರುವಂಥದ್ದೇ, ಆದರೆ ವಿದ್ಯುತ್ತು ಹರಿಸುವಂಥದ್ದು. ಬೆರಿಲಿಯಂ ತಾಮ್ರದ ಸ್ಪ್ರಿಂಗ್ ಬೆರಳುಗಳು, ತಂತಿ ಹೆಣೆದ ಜಾಲರಿ, ಲೋಹದ ಪುಡಿ ತುಂಬಿದ ಸಿಲಿಕೋನ್ ರಬ್ಬರು ಹೀಗೆ ಹಲವು ಬಗೆ. ಪದೇ ಪದೇ ತೆರೆಯುವ ಬಾಗಿಲಿಗೆ ಬೆರಳುಗಳು ಚೆನ್ನ. ಮಳೆ, ಧೂಳು, ಅಲೆ ಮೂರನ್ನೂ ಒಟ್ಟಿಗೆ ತಡೆಯಬೇಕಾದಲ್ಲಿ ರಬ್ಬರೇ ಸರಿ. ಇಂಧನ, ಎಣ್ಣೆ ತಾಗುವ ಜಾಗವಾದರೆ ಫ್ಲೋರೋಸಿಲಿಕೋನ್ ಬೇಕು. ಕುಕ್ಕರಿನಲ್ಲಿ ಹಳೆಯ ಗ್ಯಾಸ್ಕೆಟ್ ಗಟ್ಟಿಯಾಗಿ ಸೀಟಿ ಕೂಗದಂತೆ ಆಗುತ್ತದೆಯಲ್ಲ, ಇಲ್ಲಿಯೂ ಅತಿಯಾಗಿ ಅದುಮಿದರೆ ರಬ್ಬರು ಚಪ್ಪಟೆಯಾಗಿ ಮತ್ತೆ ಉಬ್ಬುವುದಿಲ್ಲ. ಅದಕ್ಕೆಂದೇ ಅಳೆದು ಕೊರೆದ ಗ್ರೂವ್‌ನಲ್ಲಿ ಕೂರಿಸುತ್ತಾರೆ.

ರಬ್ಬರಿನೊಳಗೆ ಯಾವ ಪುಡಿ? ನಮ್ಮ ಕರಾವಳಿಯವರು ಕಿವಿಗೊಟ್ಟು ಕೇಳಬೇಕಾದ ಮಾತು ಇದು. ಕಡಲಿಗೆ ಹತ್ತಿರದ ಮನೆಗಳ ಅಲ್ಯುಮಿನಿಯಂ ಕಿಟಕಿಗಳನ್ನು ನೋಡಿ. ಸ್ಟೀಲ್ ಸ್ಕ್ರೂ ಹೊಳೆಯುತ್ತಿರುತ್ತದೆ, ಅದರ ಸುತ್ತ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತಿರುತ್ತದೆ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ. ಸ್ಟೀಲ್, ತಾಮ್ರ, ಬೆಳ್ಳಿಗಳ ಜೊತೆ ಸೇರಿದಾಗ ಅದರಲ್ಲಿ ಸವೆಯುವುದು ಅಲ್ಯುಮಿನಿಯಂ. ಬೆಳ್ಳಿ ಲೇಪಿಸಿದ ತಾಮ್ರದ ಪುಡಿಯ ಗ್ಯಾಸ್ಕೆಟ್ ಪ್ರಯೋಗಾಲಯದಲ್ಲಿ ಅತ್ಯುತ್ತಮ ಅಂಕಿ ಕೊಡುತ್ತದೆ. ಅದನ್ನೇ ಅಲ್ಯುಮಿನಿಯಂ ಅಂಚಿನ ಮೇಲೆ ಕೂರಿಸಿ ಹಡಗಿಗೆ ಏರಿಸಿದರೆ ಅಂಚು ಕೊರೆದುಹೋಗಿ, ಹುಟ್ಟಿದ ಪುಡಿಯೇ ನಿರೋಧಕವಾಗಿ ಕೂರುತ್ತದೆ. ಬೆಳ್ಳಿ ಲೇಪಿಸಿದ ಅಲ್ಯುಮಿನಿಯಂ, ನಿಕ್ಕಲ್ ಲೇಪಿಸಿದ ಅಲ್ಯುಮಿನಿಯಂ ಪುಡಿಗಳು ಬಂದದ್ದೇ ಈ ಕಾಟ ತಪ್ಪಿಸಲು. ಮೊದಲ ದಿನದ ಅಂಕಿ ನೋಡಿ ವಸ್ತು ಆರಿಸುವುದು ತಪ್ಪು ಎಂದು ನಾನು ಒತ್ತಿ ಹೇಳುತ್ತೇನೆ. ಐದು ಮಳೆಗಾಲ ಕಳೆದ ಮೇಲೂ ಉಳಿಯುವ ಅಂಕಿ ಬೇಕು.

ಇನ್ನೊಂದು ತಪ್ಪು ನನ್ನ ಕಣ್ಣೆದುರೇ ನಡೆದಿತ್ತು. ಒಂದು ಕಾರ್ಯಾಗಾರದಿಂದ ಬಂದ ಪೆಟ್ಟಿಗೆ ಕಪ್ಪು ಅನೋಡೈಸ್ ಹೊದ್ದು ಎಷ್ಟು ಚೆಂದ ಹೊಳೆಯುತ್ತಿತ್ತೆಂದರೆ ಎಲ್ಲರೂ ಮೆಚ್ಚಿದರು. ಮುಚ್ಚಳಕ್ಕೂ ಪೆಟ್ಟಿಗೆಗೂ ಮಲ್ಟಿಮೀಟರ್ ಹಿಡಿದರೆ ಸಂಪರ್ಕವೇ ಇಲ್ಲ. ಅನೋಡೈಸ್ ಪದರವೆಂದರೆ ಅಲ್ಯುಮಿನಿಯಂ ಆಕ್ಸೈಡ್, ಅದು ಒಳ್ಳೆಯ ನಿರೋಧಕ. ಸೇರುವ ಅಂಚುಗಳಿಗೆ ಬಣ್ಣವೂ ಬೇಡ, ಅನೋಡೈಸೂ ಬೇಡ. ವಿದ್ಯುತ್ತು ಹರಿಯಲು ಬಿಡುವ ತೆಳುವಾದ ಕ್ರೋಮೇಟ್ ಬಗೆಯ ಲೇಪವನ್ನೇ ಕೇಳಿ, ಪೆಟ್ಟಿಗೆಯ ನಕ್ಷೆಯಲ್ಲಿ ಆ ಅಂಚನ್ನು ಗುರುತಿಸಿ ಬರೆದುಕೊಡಬೇಕು.

ಗಾಳಿಕಿಂಡಿಗೆ ಜೇನುಗೂಡಿನಂಥ ಲೋಹದ ಜಾಲ ಸಾಕು. ಕಣ್ಣು ಕಿರಿದಾಗಿ, ಆಳ ಅದರ ಮೂರು ನಾಲ್ಕು ಪಟ್ಟಿದ್ದರೆ ಗಾಳಿ ಹೋಗುತ್ತದೆ, ಅಲೆ ಹೋಗದು. ಕೇಬಲ್ಲಿನ ಜಾಲರಿ ಕನೆಕ್ಟರಿಗೆ ಸುತ್ತಲೂ ತಾಗಬೇಕು. ಜಾಲರಿಯನ್ನು ಹುರಿಮಾಡಿ ಒಂದು ಬಾಲದಂತೆ ಬೆಸುಗೆ ಹಾಕಿದರೆ ಮಾಡಿದ್ದೆಲ್ಲ ಹಾಳು. ಡ್ರೋನುಗಳ ಕಾರ್ಬನ್ ನಾರಿನ ಕವಚ ಹಗುರ, ಆದರೆ ತಾಮ್ರಕ್ಕೆ ಹೋಲಿಸಿದರೆ ಅದರ ವಾಹಕತೆ ಬಹಳ ಕಡಿಮೆ. ಹೀಗಾಗಿ ತಾಮ್ರದ ಜಾಲರಿಯನ್ನೋ ನಿಕ್ಕಲ್ ಲೇಪವನ್ನೋ ಸೇರಿಸುತ್ತಾರೆ. ಎಂಕ್ಸೀನ್ ಎಂಬ ಹೊಸ ವಸ್ತುವಿನ 45 ಮೈಕ್ರಾನ್ ಹಾಳೆ 92 ಡೆಸಿಬೆಲ್ ಕೊಟ್ಟಿತೆಂದು 2016ರಲ್ಲಿ ಪ್ರಕಟವಾದಾಗ ನನಗೂ ರೋಮಾಂಚನವಾಗಿತ್ತು. ತೇವದಲ್ಲಿ ಅದು ಆಕ್ಸಿಡೀಕರಣಗೊಳ್ಳುವ ಸ್ವಭಾವದ್ದು. ಆದ್ದರಿಂದ ನಮ್ಮ ಹವೆಯಲ್ಲಿ ಅದರ ಮೇಲೆ ಭಾರ ಹಾಕುವ ಕಾಲ ಇನ್ನೂ ಬಂದಿಲ್ಲವೆಂದೇ ನನ್ನ ಅಭಿಪ್ರಾಯ.

ಕಾಲೇಜಿನ ಪ್ರಾಜೆಕ್ಟಿಗೆ ಒಂದು ಪೆಟ್ಟಿಗೆ ಮಾಡುವುದಾದರೆ ಹೀಗೆ ಮಾಡಿ: ಅಲ್ಯುಮಿನಿಯಂ ಪೆಟ್ಟಿಗೆ, ಅಂಚಿಗೆ ಕ್ರೋಮೇಟ್ ಬಗೆಯ ಲೇಪ, ನಿಕ್ಕಲ್-ಅಲ್ಯುಮಿನಿಯಂ ಪುಡಿಯ ರಬ್ಬರ್ ಗ್ಯಾಸ್ಕೆಟ್, ಅದರ ಹೊರಬದಿಗೆ ಉಪ್ಪುನೀರು ತಾಗದಂತೆ ಸಾದಾ ರಬ್ಬರಿನ ಇನ್ನೊಂದು ಸುತ್ತು. ಮುಚ್ಚಳ ಬಿಗಿದ ಮೇಲೆ ಸಂದಿನ ರೋಧವನ್ನು ಮಿಲಿಓಮ್ ಮೀಟರಿನಿಂದ ಅಳೆದು ಬರೆದಿಡಿ. ನಂತರ ಉಪ್ಪುಮಂಜಿನ ಪರೀಕ್ಷೆ: ಶೇ 5ರ ಉಪ್ಪುನೀರು, 35 ಡಿಗ್ರಿ ಸೆಲ್ಸಿಯಸ್, 24 ಗಂಟೆ ಸಿಂಪಡಣೆ, 24 ಗಂಟೆ ಒಣಗುವಿಕೆ, ಇದೇ ಇನ್ನೊಂದು ಸಲ. ಒಟ್ಟು 96 ಗಂಟೆ ಮುಗಿದ ಮೇಲೆ ಮುಚ್ಚಳ ಬಿಚ್ಚದೆ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಎರಡೂ ಅಂಕಿಗಳನ್ನು ನನಗೆ ಬರೆದು ಕಳುಹಿಸಿ.