ಎನ್ವಿರಾನ್ಮೆಂಟ್ ಎಂಬ ಬುತ್ತಿ

"ಎನ್ವಿರಾನ್ಮೆಂಟ್ ಒಂದ್ಸಲ ರಿಫ್ರೆಶ್ ಮಾಡ್ಕೊಳ್ಳಿ ಸರ್, ಬರುತ್ತೆ." ಈ ವಾರ ಈ ಮಾತು ನನ್ನ ಕಿವಿಗೆ ಬಿದ್ದದ್ದು ಮೂರನೇ ಸಲ. ಕೇಳಿಸಿಕೊಂಡ ಹುಡುಗ ಆಗಷ್ಟೇ ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್ ಪ್ರೋಗ್ರಾಮ್‌ಗಳನ್ನು ಓಡಿಸುವ ಸಾಫ್ಟ್‌ವೇರ್) ಇನ್‌ಸ್ಟಾಲ್ ಮಾಡಿದ್ದ. ಮೊದಲೇ ತೆರೆದಿದ್ದ ಕಮಾಂಡ್ ಪ್ರಾಂಪ್ಟ್‌ನಲ್ಲಿ, ಅಂದರೆ ಕಮಾಂಡ್ ಕೊಡುವ ಕಿಟಕಿಯಲ್ಲಿ, 'ನೋಡ್' ಅಂತ ಟೈಪ್ ಮಾಡಿದರೆ 'ನಾಟ್ ರೆಕಗ್ನೈಸ್ಡ್' ಅಂತ ಉತ್ತರ. ರಿಫ್ರೆಶ್ ಅಂದ ಕೂಡಲೇ ಡೆಸ್ಕ್‌ಟಾಪ್‌ಗೆ ಹೋಗಿ ಎಫ್5 ಒತ್ತಿದ. ಒಂದಲ್ಲ, ನಾಲ್ಕು ಸಲ. ನಗಬೇಡಿ. ರಿಫ್ರೆಶ್ ಅಂದರೆ ಅವನಿಗೆ ಗೊತ್ತಿರುವುದು ಅದೇ. ತಪ್ಪು, ಹೇಳಿದವರದು.

ಎಡವಟ್ಟು ಶುರುವಾಗುವುದು ಎನ್ವಿರಾನ್ಮೆಂಟ್ ಅನ್ನೋ ಪದದಿಂದಲೇ. ಕಂಪ್ಯೂಟರಿನಲ್ಲಿ ಅದು ಪ್ರತಿ ಪ್ರೋಗ್ರಾಮ್ ಜೊತೆಗಿರುವ ಸೆಟ್ಟಿಂಗ್‌ಗಳ ಪಟ್ಟಿ; ಒಂದೊಂದು ಸೆಟ್ಟಿಂಗೂ ಒಂದು ವೇರಿಯಬಲ್. ಪದದ ಬೇರು ಫ್ರೆಂಚಿನ 'ಎನ್ವಿರಾನ್', ಸುತ್ತಮುತ್ತ ಅಂತ. ನಮ್ಮ 'ಪರಿಸರ'ವೂ ಅದೇ ಜಾಡಿನದು. 'ಪರಿ' ಅಂದರೆ ಸುತ್ತ, 'ಸರ' ಬಂದದ್ದು ಚಲಿಸು, ಹರಿ ಅನ್ನೋ ಅರ್ಥದ 'ಸೃ' ಧಾತುವಿನಿಂದ. ಎರಡೂ ಸುತ್ತ ಇರುವುದನ್ನೇ ಹೇಳುತ್ತವೆ. ಊರಿನ ಗಾಳಿ ಕೆಟ್ಟರೆ ಊರಿಗೆ ಊರೇ ಕೆಮ್ಮುತ್ತದೆ. ಹಾಗೇ ಪಾತ್ (ಪ್ರೋಗ್ರಾಮ್‌ಗಳನ್ನು ಹುಡುಕಬೇಕಾದ ಫೋಲ್ಡರ್‌ಗಳ ಪಟ್ಟಿ, ಅದೂ ಒಂದು ವೇರಿಯಬಲ್) ಬದಲಾದರೆ ತೆರೆದಿರುವ ಎಲ್ಲ ಕಿಟಕಿಗಳಿಗೂ ತಿಳಿಯಬೇಕು ಅಂತ ಅನ್ನಿಸುವುದು ಸಹಜ. ತಿಳಿಯುವುದಿಲ್ಲ. 1979ರಲ್ಲಿ, ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ನ 7ನೇ ಆವೃತ್ತಿಯಲ್ಲಿ, ಎನ್ವಿರಾನ್ಮೆಂಟ್ ಬಂದಾಗಿನಿಂದ ಕ್ರಮ ಒಂದೇ: ಪ್ರೋಗ್ರಾಮ್ ಹೊರಡುವಾಗ, ಅದನ್ನು ಹೊರಡಿಸಿದ ಪ್ರೋಗ್ರಾಮ್ ಎನ್ವಿರಾನ್ಮೆಂಟಿನ ಒಂದು ನಕಲು ಕೊಟ್ಟು ಕಳಿಸುತ್ತದೆ. ವಿಂಡೋಸ್‌ನಲ್ಲೂ ಅಷ್ಟೇ.

ನನ್ನ ಕೇಳಿದರೆ ಇದಕ್ಕೆ ತಕ್ಕ ಕನ್ನಡ ಪದ ಬುತ್ತಿ. ಬೆಳಿಗ್ಗೆ ಮನೆಯಲ್ಲಿ ಏನಿತ್ತೋ ಅದನ್ನು ಕಟ್ಟಿಸಿಕೊಂಡು ಹೊರಟಿರುತ್ತೀರಿ. ಹನ್ನೊಂದು ಗಂಟೆಗೆ ಅಮ್ಮ ಹೋಳಿಗೆ ಮಾಡಿದರೆ ಅದು ನಿಮ್ಮ ಡಬ್ಬಿಯೊಳಗೆ ಬಂದು ಕೂರುವುದಿಲ್ಲ, ಅಲ್ವಾ? ಇನ್‌ಸ್ಟಾಲರ್ ಹೊಸ ಪಾತ್ ಬರೆಯುವುದು ವಿಂಡೋಸ್ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ. ಅದು ಅಡುಗೆಮನೆ. ನಿಮ್ಮ ಕಮಾಂಡ್ ಪ್ರಾಂಪ್ಟ್ ಕೈಯಲ್ಲಿರುವುದು ಬೆಳಗಿನ ಡಬ್ಬಿ.

ಇನ್‌ಸ್ಟಾಲರ್ ಸಾಮಾನ್ಯವಾಗಿ ಡಂಗುರವನ್ನೂ ಸಾರುತ್ತದೆ, ಎನ್ವಿರಾನ್ಮೆಂಟ್ ಬದಲಾಯಿತು ಅಂತ. ಸ್ಟಾರ್ಟ್ ಮೆನುವಿನಿಂದ ಪ್ರೋಗ್ರಾಮ್‌ಗಳನ್ನು ಹೊರಡಿಸುವ ಎಕ್ಸ್‌ಪ್ಲೋರರ್ ಅದನ್ನು ಕೇಳಿಸಿಕೊಂಡು ಹೊಸ ಬುತ್ತಿ ಕಟ್ಟಿಕೊಳ್ಳುತ್ತದೆ. ಕಮಾಂಡ್ ಪ್ರಾಂಪ್ಟ್ ಕಿವಿಗೇ ಹಾಕಿಕೊಳ್ಳುವುದಿಲ್ಲ. ಅದಕ್ಕೇ ಸ್ಟಾರ್ಟ್ ಮೆನುವಿನಿಂದ ಹೊಸ ಕಿಟಕಿ ತೆರೆದರೆ ನೋಡ್ ಸಿಗುತ್ತದೆ. ಸುಮ್ನೆ ಇಡೀ ಕಂಪ್ಯೂಟರನ್ನು ರಿಸ್ಟಾರ್ಟ್ ಮಾಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಆದರೆ ವಿಎಸ್ ಕೋಡ್ (ಕೋಡ್ ಬರೆಯುವ ಎಡಿಟರ್) ಒಳಗಿನ ಟರ್ಮಿನಲ್‌ಗೆ, ಅಂದರೆ ಅದರ ಕಮಾಂಡ್ ಕಿಟಕಿಗೆ, ಬುತ್ತಿ ಕಟ್ಟುವುದು ವಿಎಸ್ ಕೋಡ್. ಟರ್ಮಿನಲ್ ಒಂದನ್ನೇ ಮುಚ್ಚಿ ತೆರೆದರೆ ಅದೇ ತಂಗಳು. ವಿಎಸ್ ಕೋಡನ್ನೇ ಪೂರ್ತಿ ಮುಚ್ಚಿ, ಎಲ್ಲ ಕಿಟಕಿಗಳನ್ನೂ.

ಹಾಗಾದರೆ 'ರಿಫ್ರೆಶ್‌ಎನ್ವಿ' ಅಂತ ಕಮಾಂಡೇ ಇದೆಯಲ್ಲ ಅನ್ನುತ್ತೀರಿ. ಇದೆ. ಅದು ವಿಂಡೋಸ್‌ನದ್ದಲ್ಲ, ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿಕೊಡುವ ಚಾಕೊಲೇಟಿ ಅನ್ನೋ ಪ್ಯಾಕೇಜ್ ಮ್ಯಾನೇಜರ್ ಜೊತೆ ಬರುವುದು. ರಿಜಿಸ್ಟ್ರಿಯನ್ನು ಮತ್ತೆ ಓದಿ, ನೀವು ಕೂತಿರುವ ಕಿಟಕಿಯ ಡಬ್ಬಿಗೇ ಬಡಿಸುತ್ತದೆ. ಪಕ್ಕದ ಕಿಟಕಿಗೆ ಏನೂ ಇಲ್ಲ. ವಿಂಡೋಸ್‌ನ ಇನ್ನೊಂದು ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಚಾಕೊಲೇಟಿಯ ಪ್ರೊಫೈಲ್ (ಶುರುವಿನಲ್ಲಿ ಓಡುವ ಸ್ಕ್ರಿಪ್ಟ್) ಲೋಡ್ ಆಗಿರದಿದ್ದರೆ ನಿಮಗೂ ಇಲ್ಲ: ಅದು ಒಂದು ಮರಿ ಕಮಾಂಡ್ ಪ್ರಾಂಪ್ಟ್ ಹುಟ್ಟಿಸಿ, ಅದರ ಡಬ್ಬಿಗೆ ಬಡಿಸಿ, 'ಫಿನಿಶ್ಡ್' ಅಂತ ಬರೆದು ಮುಗಿಸುತ್ತದೆ. ಮಗನ ಡಬ್ಬಿಗೆ ಹಾಕಿದ್ದು ಅಪ್ಪನ ಡಬ್ಬಿಗೆ ಬರುವುದಿಲ್ಲ.

ಲಿನಕ್ಸ್‌ನವರು ಬೀಗುವುದು ಬೇಡ. 'ಸೋರ್ಸ್' ಅನ್ನೋ ಕಮಾಂಡ್ ಕೊಟ್ಟು, ಟರ್ಮಿನಲ್ ಶುರುವಾಗುವಾಗ ಓದುವ ಬ್ಯಾಶ್‌ಆರ್‌ಸಿ ಫೈಲನ್ನು ಮತ್ತೆ ಓದಿಸುವುದನ್ನೂ ರಿಫ್ರೆಶ್ ಅಂತಲೇ ಕರೆಯುತ್ತಾರೆ. ಅದು ಡಬ್ಬಿಯನ್ನು ತೊಳೆದು ತುಂಬುವುದಲ್ಲ, ಇದ್ದದ್ದರ ಮೇಲೆ ಇನ್ನೊಂದು ಸೌಟು ಸುರಿಯುವುದು. ಪಾತ್‌ಗೆ ಜೋಡಿಸುವ ಸಾಲಿದ್ದರೆ, ಐದು ಸಲ ಸೋರ್ಸ್ ಮಾಡಿದರೆ ಅದೇ ಫೋಲ್ಡರ್ ಐದು ಸಲ ಜಾಸ್ತಿ ಸೇರಿರುತ್ತದೆ. ಇನ್ನು ಫೈಲಿನಿಂದ, ವೇರಿಯಬಲ್ ಇಡುವ ಎಕ್ಸ್‌ಪೋರ್ಟ್ ಸಾಲನ್ನು ಅಳಿಸಿ ಸೋರ್ಸ್ ಮಾಡಿದಿರಿ ಅನ್ನಿ. ಹಳೆಯ ವೇರಿಯಬಲ್ ಅಲ್ಲೇ ಇರುತ್ತದೆ, ನೀವು ಅನ್‌ಸೆಟ್ ಅನ್ನುವ ತನಕ.