ಗೆಲ್ಲೋದು ಗೊತ್ತಿದ್ದರೂ ಎದೆ ಯಾಕೆ ಹೊಡೆದುಕೊಳ್ಳುತ್ತೆ?

1983ರ ಜೂನ್ 18. ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಮೈದಾನ. ವಿಶ್ವಕಪ್‌ನಲ್ಲಿ ಜಿಂಬಾಬ್ವೆ ಎದುರು ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಅಲ್ಲಿಂದ ಕಪಿಲ್ ದೇವ್ ಔಟಾಗದೆ 175 ಹೊಡೆದರು. ನಮ್ಮ ರೋಜರ್ ಬಿನ್ನಿ ಸ್ವಲ್ಪ ಹೊತ್ತು ಜೊತೆ ಕೊಟ್ಟರು. ಆಮೇಲೆ ಸಯ್ಯದ್ ಕಿರ್ಮಾನಿ ಒಂದು ತುದಿ ಹಿಡಿದು ನಿಂತರು. ಮುರಿಯದ ಒಂಬತ್ತನೇ ವಿಕೆಟ್ಟಿಗೆ 126 ರನ್ ಬಂತು. ಆ ಆಟ ಟೀವಿಯಲ್ಲಿ ಬರಲಿಲ್ಲ, ಅದರ ವಿಡಿಯೊ ಕೂಡ ಇಲ್ಲ. ಜನ ಅದನ್ನು ಕಣ್ಣಾರೆ ಕಂಡಂತಾಗಿದ್ದು 2021ರಲ್ಲಿ ‘83’ ಸಿನಿಮಾ ಬಂದಾಗಲೇ.

ಶಿವಮೊಗ್ಗದ ಟಾಕೀಸಿನಲ್ಲಿ ಕೂತವರಿಗೆ ಆ ಕಪ್ ಯಾರ ಕೈ ಸೇರಿತು ಅಂತ ಗೊತ್ತಿರಲಿಲ್ವಾ? ಫೈನಲ್ಲಿನಲ್ಲಿ ನಾವು 183, ವೆಸ್ಟ್ ಇಂಡೀಸ್ 140. ಈ ಲೆಕ್ಕ ಬಾಯಿಪಾಠ ಇದ್ದವರೇ ಜಾಸ್ತಿ. ಆದರೂ ಚೆಂಡು ಗಾಳಿಯಲ್ಲಿ ಮೇಲೇರಿದಾಗ ಉಸಿರು ಬಿಗಿಹಿಡಿದು ನೋಡುತ್ತೇವೆ. ಕ್ರೀಡಾ ಸಿನಿಮಾಗಳ ಬಗ್ಗೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ ಇದೇ.

ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಗೆರಿಗ್ 1989ರಲ್ಲಿ ಇದನ್ನು ಪರೀಕ್ಷೆ ಮಾಡಿದರು. ಜಾರ್ಜ್ ವಾಷಿಂಗ್ಟನ್ ಆ ದೇಶದ ಮೊದಲ ಅಧ್ಯಕ್ಷ ಅನ್ನುವುದು ಅಲ್ಲಿ ಮಕ್ಕಳಿಗೂ ಗೊತ್ತು. ಆದರೆ ಅವರು ಆ ಹುದ್ದೆ ಒಪ್ಪುತ್ತಾರೋ ಇಲ್ಲವೋ ಅನ್ನುವ ಹಾಗೆ ಒಂದು ಸಣ್ಣ ಕಥೆ ಓದಿಸಿ, ಆಮೇಲೆ ಅದೇ ಸಂಗತಿಯನ್ನು ಸರಿಯೋ ತಪ್ಪೋ ಅಂತ ಕೇಳಿದರು. ಕಥೆ ಓದಿದವರಿಗೆ ಉತ್ತರ ಹೇಳಲು ಸ್ವಲ್ಪ ಹೆಚ್ಚು ಸಮಯ ಬೇಕಾಯಿತು. ಉತ್ತರ ತಲೆಯಲ್ಲೇ ಇತ್ತು, ಕಥೆ ಅದನ್ನು ಒಂದು ಕ್ಷಣ ಹಿಂದಕ್ಕೆ ತಳ್ಳಿತ್ತು.

ಮಲೆನಾಡಿನವರಿಗೆ ಇದು ಹೊಸ ವಿಷಯವೇನಲ್ಲ. ಸಾಗರ, ಹೊಸನಗರದ ಕಡೆ ಯಕ್ಷಗಾನ ನೋಡಲು ಕೂತ ಮಕ್ಕಳಿಗೂ ಅಭಿಮನ್ಯು ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲ ಅಂತ ಗೊತ್ತು. ಆದರೂ ಭಾಗವತರು ಏರುಪದ್ಯ ಎತ್ತಿ, ಚಂಡೆ ಜೋರಾಯಿತು ಅಂದರೆ ಬೆಳಗಿನ ಜಾವದ ನಿದ್ದೆಯೆಲ್ಲ ಹಾರಿಹೋಗುತ್ತದೆ. ಹುಡುಗ ಒಬ್ಬೊಬ್ಬರನ್ನೇ ಎದುರಿಸುತ್ತಾ ಹೋದಂತೆ, ಈ ಸಲ ತಪ್ಪಿಸಿಕೊಂಡಾನು ಅಂತ ಮನಸ್ಸಿನ ಒಂದು ಮೂಲೆ ನಂಬುತ್ತದೆ.

ಹಾಗಾದರೆ ನಾವು ಯಾಕೆ ಯಾವಾಗಲೂ ಬಲ ಕಡಿಮೆ ಇರುವವನ ಕಡೆ ವಾಲುತ್ತೇವೆ? ಇದಕ್ಕೂ ಸಂಶೋಧನೆ ನಡೆದಿದೆ. ಜೋಸೆಫ್ ವಾಂಡೆಲ್ಲೊ ಮತ್ತು ಜೊತೆಗಾರರು 2007ರಲ್ಲಿ ಜನರಿಗೆ ಒಂದು ಬಾಸ್ಕೆಟ್‌ಬಾಲ್ ಆಟದ ವಿಡಿಯೊ ತೋರಿಸಿದರು. ಯಾವ ತಂಡವನ್ನು ದುರ್ಬಲ ಅಂತ ಮೊದಲೇ ಹೇಳಿದ್ದರೋ, ಆ ತಂಡವೇ ಹೆಚ್ಚು ಬೆವರು ಸುರಿಸಿತು ಅಂತ ನೋಡಿದವರಿಗೆ ಅನ್ನಿಸಿತು. ಬಲವಾದ ತಂಡದಲ್ಲಿ ಅವರಿಗೆ ಕಂಡಿದ್ದು ಪ್ರತಿಭೆ. ನಮ್ಮ ಮನಸ್ಸು ಕರಗುವುದು ಬೆವರಿಗೆ.

ಸಿನಿಮಾದವರಿಗೆ ಇದು ಚೆನ್ನಾಗಿ ಗೊತ್ತು. ‘ದಂಗಲ್’ ಚಿತ್ರದಲ್ಲಿ 2010ರ ಕಾಮನ್‌ವೆಲ್ತ್ ಫೈನಲ್ ಕೊನೆಯ ಸೆಕೆಂಡುಗಳವರೆಗೂ ಎಳೆದಾಡುತ್ತದೆ. ನಿಜದಲ್ಲಿ ಗೀತಾ ಫೋಗಟ್ ಆ ಕುಸ್ತಿಯನ್ನು ಸಲೀಸಾಗಿ ಗೆದ್ದಿದ್ದರು. ಅಷ್ಟು ಸುಲಭದ ಗೆಲುವನ್ನು ಹಾಗೇ ತೋರಿಸಿದ್ದರೆ ಯಾರೂ ಎದ್ದು ನಿಂತು ಶಿಳ್ಳೆ ಹೊಡೆಯುತ್ತಿರಲಿಲ್ಲ. ಆದರೂ ನನಗೆ ಇದು ಅಷ್ಟು ಹಿಡಿಸುವುದಿಲ್ಲ. ಎದುರಾಳಿ ಮೇಲೇಳದ ಹಾಗೆ ಗೆಲ್ಲುವುದರ ಹಿಂದೆಯೂ ವರ್ಷಗಟ್ಟಲೆ ದುಡಿಮೆ ಇರುತ್ತದೆ ಅಲ್ವಾ?

ಇನ್ನು ಮೈಯ ವಿಷಯ. ತೀರ್ಥಹಳ್ಳಿ ಕಡೆಯ ಕೆಮ್ಮಣ್ಣಿನ ಮೈದಾನದಲ್ಲಿ ಕಬಡ್ಡಿ ಆಡಿ ಬೆಳೆದವರ ಪಕ್ಕ ಕೂತು ಕಬಡ್ಡಿ ದೃಶ್ಯ ನೋಡಿ. ತೆರೆಯ ಮೇಲೆ ಪಾದ ಹಿಡಿಸಿಕೊಂಡವನು ಗೆರೆಗೆ ಕೈ ಚಾಚಿದರೆ, ಇಲ್ಲಿ ಇವರ ಭುಜವೂ ಮುಂದಕ್ಕೆ ಬರುತ್ತದೆ. ತೊಡೆ ಬಿಗಿಯಾಗುತ್ತದೆ. 2005ರಲ್ಲಿ ಬೀಟ್ರಿಜ್ ಕಾಲ್ವೊ-ಮೆರಿನೊ ಅವರ ತಂಡ ಬ್ಯಾಲೆ ಕಲಿತವರಿಗೂ ಬ್ರೆಜಿಲ್ಲಿನ ಕಪೊಯೆರಾ ಅನ್ನುವ ಕಾದಾಟದ ಕಲೆ ಕಲಿತವರಿಗೂ ಎರಡೂ ಬಗೆಯ ಚಲನೆ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿತು. ತಾವು ಕಲಿತ ಚಲನೆ ನೋಡುವಾಗಲೇ ಅವರ ಮಿದುಳಿನ ಚಲನೆಯ ಭಾಗಗಳು ಹೆಚ್ಚು ಚುರುಕಾಗಿದ್ದವು. ಮಿದುಳಿಗೆ ನೋಡುವುದಕ್ಕೂ ಆಡುವುದಕ್ಕೂ ನಡುವೆ ದೊಡ್ಡ ಗೋಡೆಯಿಲ್ಲ. ಆಡಿದ ಮೈ ಸುಮ್ನೆ ಕೂರುವುದಿಲ್ಲ.

ಗೆಲುವು ಬೇಕೇಬೇಕು ಅಂತಲೂ ಇಲ್ಲ. 1976ರ ಬಾಕ್ಸಿಂಗ್ ಸಿನಿಮಾ ‘ರಾಕಿ’ಯಲ್ಲಿ ನಾಯಕ ಕೊನೆಯ ಪಂದ್ಯ ಸೋಲುತ್ತಾನೆ. ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ಬಂದಿದ್ದು ಅದಕ್ಕೇ.

ನನ್ನನ್ನು ಕೇಳಿದರೆ, ತೆರೆಯ ಮೇಲೆ ನೋಡಬೇಕು ಅನ್ನಿಸುವ ಆಟ ಒಂದಿದೆ. 1975ರ ಜನವರಿ, ಮದರಾಸು. ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಬೆಂಕಿಯಂತೆ ಬೌಲ್ ಮಾಡಿ 7 ವಿಕೆಟ್ ಕಿತ್ತರು. ನಮ್ಮ ಭದ್ರಾವತಿಯಲ್ಲಿ ಹುಟ್ಟಿದ, ಎತ್ತರದಲ್ಲಿ ಪುಟ್ಟ ಆಳು ಜಿ.ಆರ್. ವಿಶ್ವನಾಥ್ ಮಾತ್ರ ಅಲುಗಾಡಲಿಲ್ಲ. ಚೆಂಡು ಬಂದಷ್ಟೇ ವೇಗದಲ್ಲಿ ಸ್ಕ್ವೇರ್ ಕಟ್ ಮಾಡಿ ಬೌಂಡರಿಗೆ ಕಳಿಸಿದರು. ತಂಡದ ಒಟ್ಟು ಮೊತ್ತ 190, ಅದರಲ್ಲಿ ಅವರದೇ 97. ಶತಕಕ್ಕೆ ಮೂರು ರನ್ ಬಾಕಿ ಇರುವಾಗ ಇನ್ನೊಂದು ತುದಿಯಲ್ಲಿ ಕೊನೆಯ ವಿಕೆಟ್ ಬಿತ್ತು. ಭಾರತ ಆ ಟೆಸ್ಟನ್ನು 100 ರನ್ನಿನಿಂದ ಗೆದ್ದಿತು.