ಎಚ್‌ಐವಿ ಸಿಡಿ4 ಕೋಶಗಳಿಗೇ ಏಕೆ ನುಗ್ಗುತ್ತದೆ?

ಪ್ರಶ್ನೆ: ರಕ್ತದಲ್ಲಿ ಎಷ್ಟೋ ಬಗೆಯ ಕೋಶಗಳಿರುವಾಗ ಎಚ್‌ಐವಿ ಸಿಡಿ4 ಕೋಶಗಳನ್ನೇ ಏಕೆ ಹಿಡಿಯುತ್ತದೆ? ಆ ದಾರಿಯನ್ನೇ ಮುಚ್ಚಿಬಿಡಲು ಆಗುವುದಿಲ್ಲವೇ?

ಉತ್ತರ: ವೈರಸ್‌ಗೆ ಹುಡುಕಿಕೊಂಡು ಹೋಗುವ ಶಕ್ತಿಯಿಲ್ಲ. ತೇಲುತ್ತಾ ಎಲ್ಲ ಕೋಶಗಳಿಗೂ ತಾಗುತ್ತದೆ. ಹಿಡಿತ ಸಿಗುವುದು ಸಿಡಿ4 ಎಂಬ ಪ್ರೋಟೀನ್ ಹೊರಮೈಯಲ್ಲಿ ಇರುವ ಕಡೆ. ರೋಗನಿರೋಧಕ ವ್ಯವಸ್ಥೆಯನ್ನು ನಡೆಸುವ ಸಹಾಯಕ ಟಿ ಕೋಶಗಳಲ್ಲಿ ಅದು ಧಾರಾಳ, ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶಗಳಲ್ಲಿ ಕಡಿಮೆ. ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದ ಸಿಡಿ4 ಪರೀಕ್ಷೆಯಲ್ಲಿ ಎಣಿಸುವುದು ಈ ಟಿ ಕೋಶಗಳನ್ನೇ, ವೈರಸ್‌ ಅನ್ನಲ್ಲ. ವೈರಸ್ ಎಷ್ಟಿದೆ ಎಂದು ತಿಳಿಯಲು ವೈರಲ್ ಲೋಡ್ ಪರೀಕ್ಷೆಯೇ ಆಗಬೇಕು.

ಆದರೆ ಸಿಡಿ4 ಒಂದೇ ಸಾಲದು. ವೈರಸ್ ಅಗಲ ಸುಮಾರು 100 ನ್ಯಾನೊಮೀಟರ್. ಅದರ ಮೈಮೇಲೆ ಹತ್ತು-ಹದಿನಾಲ್ಕು ಮುಳ್ಳುಗಳಿರುತ್ತವೆ, ಅಷ್ಟೆ. (ಫ್ಲೂ ವೈರಸ್‌ಗೆ ನೂರಾರು.) ಒಂದೊಂದು ಮುಳ್ಳಿನಲ್ಲೂ ಮೂರು ಜಿಪಿ120, ಮೂರು ಜಿಪಿ41 ಪ್ರೋಟೀನ್‌ಗಳು. ಜಿಪಿ120 ಸಿಡಿ4ನ ತುದಿಯನ್ನು ಹಿಡಿದ ಕೂಡಲೇ ತನ್ನ ಆಕಾರವನ್ನೇ ಬದಲಿಸುತ್ತದೆ. ಅದುವರೆಗೆ ಒಳಗೆ ಅಡಗಿದ್ದ ವಿ3 ಎಂಬ ಕುಣಿಕೆ ಆಗ ಹೊರಬರುತ್ತದೆ, ಪಕ್ಕದಲ್ಲಿರುವ ಎರಡನೇ ಗ್ರಾಹಕಕ್ಕೆ, ಅಂದರೆ ಕೋಶದ ಹೊರಮೈಯ ಇನ್ನೊಂದು ಪ್ರೋಟೀನ್‌ಗೆ, ಸಿಕ್ಕಿಕೊಳ್ಳುತ್ತದೆ. ಆ ಗ್ರಾಹಕ ಸಿಸಿಆರ್5 ಇಲ್ಲವೇ ಸಿಎಕ್ಸ್‌ಸಿಆರ್4. ಇಷ್ಟಾದ ಮೇಲೆ ಜಿಪಿ41ರ ತುದಿ ಕೋಶದ ಪೊರೆಗೆ ನಾಟುತ್ತದೆ, ಮಧ್ಯೆ ಮಡಚಿಕೊಂಡು ಎರಡೂ ಪೊರೆಗಳನ್ನು ಎಳೆದು ಬೆಸೆಯುತ್ತದೆ. ವೈರಸ್‌ನ ತಿರುಳು ಒಳಗೆ ಜಾರುತ್ತದೆ. ನಮ್ಮ ಪ್ರತಿಕಾಯಗಳು ಸೋಲುವುದಕ್ಕೆ ಇದೂ ಒಂದು ಕಾರಣ: ಅವು ಹಿಡಿಯಬೇಕಾದ ಜಾಗ ತೆರೆದುಕೊಳ್ಳುವುದು ಕೋಶಕ್ಕೆ ಅಂಟಿದ ಮೇಲೆ, ಅದೂ ಇಕ್ಕಟ್ಟಿನ ಸಂದಿಯಲ್ಲಿ.

ಎರಡನೇ ಗ್ರಾಹಕ ಎಷ್ಟು ಮುಖ್ಯ ಎಂಬುದು 1996ರಲ್ಲಿ ಗೊತ್ತಾಯಿತು. ಸಿಸಿಆರ್5 ಜೀನಿನ 32 ಡಿಎನ್‌ಎ ಅಕ್ಷರಗಳು ತಂದೆ-ತಾಯಿ ಇಬ್ಬರ ಕಡೆಯಿಂದಲೂ ಕಳೆದುಹೋಗಿರುವವರಿಗೆ, ಸಿಸಿಆರ್5 ಬಳಸುವ ವೈರಸ್ ತಗಲುವುದು ಅತಿ ವಿರಳ. ಉತ್ತರ ಯುರೋಪಿನವರಲ್ಲಿ ಸುಮಾರು ನೂರಕ್ಕೊಬ್ಬರು ಹೀಗಿದ್ದಾರೆ. ಭಾರತೀಯರಲ್ಲಿ ತೀರ ಅಪರೂಪ. ಬರ್ಲಿನ್‌ನಲ್ಲಿ ಟಿಮೊಥಿ ರೇ ಬ್ರೌನ್ ಎಚ್‌ಐವಿಯಿಂದ ಮುಕ್ತರಾದದ್ದು ಅಂಥ ದಾನಿಯ ಕಾಂಡಕೋಶ ಕಸಿಯ ನಂತರ. ಅದು ರಕ್ತದ ಕ್ಯಾನ್ಸರಿಗೆ ಮಾಡಿದ ಅಪಾಯದ ಚಿಕಿತ್ಸೆ, ಎಲ್ಲರಿಗೂ ಮಾಡುವಂಥದ್ದಲ್ಲ.

ದಾರಿ ಮುಚ್ಚುವ ಮಾತ್ರೆಯೂ ಇದೆ: ಮರಾವಿರಾಕ್. ಅದು ಸಿಸಿಆರ್5ನ ಆಕಾರ ಕೆಡಿಸುತ್ತದೆ. ತೊಡಕೆಂದರೆ, ದೇಹದಲ್ಲಿ ಸಿಎಕ್ಸ್‌ಸಿಆರ್4 ಬಳಸುವ ವೈರಸ್ ಸ್ವಲ್ಪವಿದ್ದರೂ ಅದು ತಡೆಯಿಲ್ಲದೆ ಬೆಳೆಯುತ್ತದೆ. ಹಾಗಾಗಿ ಮಾತ್ರೆ ಕೊಡುವ ಮುನ್ನ ವೈರಸ್ ಯಾವ ಗ್ರಾಹಕ ಬಳಸುತ್ತಿದೆಯೆಂದು ಪರೀಕ್ಷಿಸಲೇಬೇಕು. ಭಾರತದಲ್ಲಿ ಹೆಚ್ಚಾಗಿರುವ ಎಚ್‌ಐವಿಯ ಸಿ ಉಪಬಗೆ ಬಹುಮಟ್ಟಿಗೆ ಸಿಸಿಆರ್5 ಅನ್ನೇ ನೆಚ್ಚಿಕೊಂಡಿದ್ದರೂ ಈ ಪರೀಕ್ಷೆ ತಪ್ಪಿಸುವಂತಿಲ್ಲ.

ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ ಕೊಡುವ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಮಾತ್ರೆ ಬಾಗಿಲಲ್ಲಿ ತಡೆಯುವುದಿಲ್ಲ. ಒಳಹೊಕ್ಕ ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಂಡು ಕೋಶದ ಡಿಎನ್‌ಎಗೆ ಸೇರದಂತೆ ನೋಡಿಕೊಳ್ಳುತ್ತದೆ. ಒಮ್ಮೆ ಸೇರಿಬಿಟ್ಟರೆ ತೆಗೆಯಲು ಈ ಮಾತ್ರೆಗೆ ಆಗದು. ಆದ್ದರಿಂದಲೇ ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿದಾಗ ಅಥವಾ ಬೇರೆ ರೀತಿಯಲ್ಲಿ ವೈರಸ್‌ನ ಸಂಪರ್ಕವಾದಾಗ ಎಷ್ಟು ಬೇಗ ಆದರೆ ಅಷ್ಟು ಬೇಗ, ತಡವೆಂದರೂ 72 ಗಂಟೆಯೊಳಗೆ, ತಡೆಗಟ್ಟುವ ಔಷಧ ಶುರುಮಾಡಿ 28 ದಿನ ಬಿಡದೆ ತೆಗೆದುಕೊಳ್ಳಬೇಕು.